ಮೆಣಸು, ಮುಂಗಾರು ಮತ್ತು ವಾಸ್ಕೋ ಡ ಗಾಮ

ವಾಸ್ಕೋ ಡ ಗಾಮನ ಹೆಸರನ್ನು ಕೇಳದ ಬೆಳೆಗಾರ ನಮ್ಮಲ್ಲಿ ಇರಲಾರನು. 1498ರಲ್ಲಿ ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದವರು ಯಾರು ಎಂದು ಯಾರಾದರೂ ಕೇಳಿದರೆ, ಶಾಲೆ ಬಿಟ್ಟು ನಲವತ್ತು ವರ್ಷವಾದವರೂ ತಟ್ಟನೆ ಉತ್ತರ ಹೇಳುತ್ತಾರೆ. ಆದರೆ ಆತ ಏತಕ್ಕಾಗಿ ಬಂದ, ಯಾವ ಗಾಳಿಯನ್ನು ಹಿಡಿದು ಬಂದ, ಯಾವ ಗಾಳಿಗೆ ಎದುರಾಗಿ ಹೊರಟು ಏನು ತೆತ್ತ, ಎರಡನೆಯ ಸಲ ಬಂದು ಮೆಣಸಿನ ದರವನ್ನು ಹೇಗೆ ಕಟ್ಟಿಹಾಕಿದ ಎಂಬವು ಪರೀಕ್ಷೆಗೆ ಬರುವ ಪ್ರಶ್ನೆಗಳಲ್ಲ. ಅಡಿಕೆ ಮರಕ್ಕೂ ಕಾಫಿ ತೋಟದ ನೆರಳು ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿಸಿಕೊಂಡಿರುವ ನಮಗೆ ಇವೇ ಮುಖ್ಯವಾದ ಪ್ರಶ್ನೆಗಳು. ಮನೆಯಲ್ಲಿ ಮಕ್ಕಳ ಭೂಪಟವಿದ್ದರೆ ಪಕ್ಕದಲ್ಲಿ ಬಿಡಿಸಿಟ್ಟುಕೊಂಡು ಮುಂದೆ ಓದಬೇಕೆಂದು ವಿನಂತಿ.

15ನೇ ಶತಮಾನದಲ್ಲಿ ಮಲಬಾರಿನ ಮೆಣಸು ಯೂರೋಪಿನ ಅಡಿಗೆಮನೆಯನ್ನು ಸೇರಬೇಕಾದರೆ ಬಹಳ ಕೈ ದಾಟಬೇಕಿತ್ತು. ಕಲ್ಲಿಕೋಟೆಯಲ್ಲಿ ಅರಬ್ ವರ್ತಕರ ಹಡಗು ಹತ್ತಿ, ಕೆಂಪು ಸಮುದ್ರದ ಮೂಲಕ ಹೋಗಿ, ಒಂಟೆಯ ಬೆನ್ನೇರಿ ಕೈರೋ ತಲಪಿ, ನೈಲ್ ನದಿಯಲ್ಲಿಳಿದು ಅಲೆಕ್ಸಾಂಡ್ರಿಯ ಸೇರಿದರೆ, ಅಲ್ಲಿಂದ ವೆನಿಸ್ ನಗರದ ವರ್ತಕರು ಅದನ್ನು ಕೊಂಡೊಯ್ಯುತ್ತಿದ್ದರು. ಪ್ರತಿ ಕಟ್ಟೆಯಲ್ಲೂ ಸುಂಕ, ಪ್ರತಿ ಕೈಯಲ್ಲೂ ಲಾಭ. ಮಾಂಸ ಕೆಡದಂತೆ ಇಡಲು ಯೂರೋಪಿನವರಿಗೆ ಮೆಣಸು ಬೇಕಾಗಿತ್ತು ಎಂದು ಕೆಲವು ಪುಸ್ತಕಗಳಲ್ಲಿ ಬರೆದಿರುತ್ತದೆ. ಇದನ್ನು ನಂಬಬೇಕಾಗಿಲ್ಲ. ಮಾಂಸವನ್ನು ಕಾಪಾಡುವುದು ಉಪ್ಪು; ಅಷ್ಟು ಬೆಲೆಯ ಮೆಣಸನ್ನು ಕೊಳ್ಳಬಲ್ಲವನಿಗೆ ಹಸಿ ಮಾಂಸ ಕೊಳ್ಳುವುದು ಕಷ್ಟವೇನಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ರುಚಿ, ಔಷಧ, ಮತ್ತು ಅತಿಥಿಗಳೆದುರು ದೊಡ್ಡಸ್ತಿಕೆ.

ಪೋರ್ಚುಗಲ್ ಆಗ ಸುಮಾರು ಹತ್ತು ಲಕ್ಷ ಜನರ ಚಿಕ್ಕ ರಾಜ್ಯ. ಆಫ್ರಿಕವನ್ನು ಸುತ್ತಿಕೊಂಡು ಹೋದರೆ ಮೆಣಸು ಬೆಳೆಯುವ ನಾಡಿಗೇ ನೇರವಾಗಿ ತಲಪಬಹುದೆಂಬ ಆಸೆಯಿಂದ ಅಲ್ಲಿಯ ದೊರೆಗಳು ಎರಡು ಮೂರು ತಲೆಮಾರು ಹಡಗುಗಳನ್ನು ಕಳುಹಿಸುತ್ತಲೇ ಇದ್ದರು. 1488ರಲ್ಲಿ ಬಾರ್ತೊಲೊಮೆವ್ ಡಿಯಾಸ್ ಎಂಬ ನಾವಿಕನು ಆಫ್ರಿಕದ ದಕ್ಷಿಣ ತುದಿಯನ್ನು ದಾಟಿ ಹಿಂದಿರುಗಿದನು. ಬಾಗಿಲು ತೆರೆದವನು ಡಿಯಾಸ್; ಒಳಗೆ ಹೋಗುವ ಅವಕಾಶ ಸಿಕ್ಕಿದ್ದು ಗಾಮನಿಗೆ. ಗಾಮನ ಹಡಗುಗಳನ್ನು ಕಟ್ಟಿಸುವ ಮೇಲ್ವಿಚಾರಣೆಯನ್ನು ಇದೇ ಡಿಯಾಸ್ ವಹಿಸಿದ್ದನು. 1500ರಲ್ಲಿ ತಾನೇ ದಾಟಿದ್ದ ಆ ತುದಿಯ ಬಳಿ ಬಿರುಗಾಳಿಗೆ ಸಿಕ್ಕಿ ಸತ್ತನು. ಶಾಲೆಯ ಪುಸ್ತಕದಲ್ಲಿ ಇವನಿಗೆ ಇನ್ನೊಂದೆರಡು ಸಾಲು ಸಿಗಬೇಕಿತ್ತು.

ವಾಸ್ಕೋ ಡ ಗಾಮ ಹುಟ್ಟಿದ್ದು 1460ರ ದಶಕದಲ್ಲಿ, ಪೋರ್ಚುಗಲ್ಲಿನ ದಕ್ಷಿಣ ಭಾಗದ ಸಿನೆಸ್ ಎಂಬ ಕಡಲೂರಿನಲ್ಲಿ. ತಂದೆ ಎಸ್ತೆವಾವ್ ಡ ಗಾಮ ಅಲ್ಲಿನ ಕೋಟೆಯ ಅಧಿಕಾರಿ. 1492ರಲ್ಲಿ ಫ್ರೆಂಚರ ಹಡಗುಗಳನ್ನು ಮುಟ್ಟುಗೋಲು ಹಾಕಿಕೊಳ್ಳಲು ದೊರೆ ಈತನನ್ನು ಕಳುಹಿಸಿದ್ದನೆಂಬುದನ್ನು ಬಿಟ್ಟರೆ ಆತನ ಯೌವನದ ಬಗ್ಗೆ ಹೇಳುವಂಥದ್ದು ಕಡಿಮೆ. ಹಿಡಿದ ಕೆಲಸ ಬಿಡದ ಸ್ವಭಾವ, ಮೂಗಿನ ತುದಿಯಲ್ಲಿ ಕೋಪ. ಈ ಎರಡೂ ಮುಂದಿನ ಕಥೆಯಲ್ಲಿ ಕಾಣಿಸಿಕೊಳ್ಳುತ್ತವೆ.

ಗಾಳಿ ಹಿಡಿದು ಬಂದದ್ದು

1497ರ ಜುಲೈ 8ರಂದು ಲಿಸ್ಬನ್ನಿನಿಂದ ನಾಲ್ಕು ಹಡಗುಗಳು ಹೊರಟವು. ಸಾವೊ ಗಾಬ್ರಿಯೆಲ್ ಹಡಗಿನಲ್ಲಿ ಗಾಮ, ಸಾವೊ ರಫಾಯೆಲ್ ಹಡಗಿನಲ್ಲಿ ಆತನ ಅಣ್ಣ ಪಾವ್ಲೊ, ಬೆರಿಯೊ ಎಂಬ ಚಿಕ್ಕ ಹಡಗಿನಲ್ಲಿ ನಿಕೊಲಾವ್ ಕೊಎಲ್ಯೊ, ಜೊತೆಗೆ ದವಸ ತುಂಬಿದ ಒಂದು ಹಡಗು. ಎಲ್ಲ ಸೇರಿ ನೂರೈವತ್ತರಿಂದ ನೂರೆಪ್ಪತ್ತು ಜನ.

ಇಲ್ಲಿ ಭೂಪಟವನ್ನು ನೋಡಿರಿ. ಆಫ್ರಿಕದ ದಂಡೆಯನ್ನೇ ಹಿಡಿದು ದಕ್ಷಿಣಕ್ಕೆ ಹೋಗುವುದು ಹತ್ತಿರದ ದಾರಿಯಂತೆ ಕಾಣುತ್ತದೆ. ಆದರೆ ಅಲ್ಲಿ ಗಾಳಿಯೂ ನೀರಿನ ಸೆಳೆತವೂ ಎದುರಿನಿಂದ ಬರುತ್ತವೆ. ಗಾಮನು ಆಗಸ್ಟ್ 3ರಂದು ಕೇಪ್ ವರ್ಡೆ ದ್ವೀಪಗಳನ್ನು ಬಿಟ್ಟ ಮೇಲೆ ದಂಡೆಯಿಂದ ದೂರವಾಗಿ ಅಟ್ಲಾಂಟಿಕ್ ಸಾಗರದ ನಡುವಿಗೆ ದೊಡ್ಡ ಕಮಾನಿನಂತೆ ತಿರುಗಿ, ದಕ್ಷಿಣದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯನ್ನು ಹಿಡಿದು ಆಫ್ರಿಕದ ಕಡೆಗೆ ಬಂದನು. ನವೆಂಬರ್ 4ರವರೆಗೆ, ಅಂದರೆ ಮೂರು ತಿಂಗಳು, ಅವರಿಗೆ ನೆಲ ಕಾಣಲಿಲ್ಲ. ಅಮೆರಿಕಕ್ಕೆ ಹೋದ ಕೊಲಂಬಸ್ ನೆಲ ಕಾಣದೆ ಇದ್ದದ್ದು ಐದು ವಾರ ಮಾತ್ರ. ಸುತ್ತು ದಾರಿಯೇ ಹತ್ತಿರದ ದಾರಿಯೆಂಬುದು ಘಾಟಿ ಇಳಿದು ಹತ್ತುವ ನಮಗೆ ಬೇಗ ಅರ್ಥವಾದೀತು.

ನವೆಂಬರ್ 22ರಂದು ತುದಿಯನ್ನು ದಾಟಿದರು. ದವಸದ ಹಡಗನ್ನು ಬರಿದು ಮಾಡಿ ಒಡೆದುಹಾಕಿದರು. ಆಫ್ರಿಕದ ಪೂರ್ವ ದಂಡೆಯಲ್ಲಿ ಮೇಲೇರುತ್ತಿರುವಾಗ, 1498ರ ಜನವರಿಯಲ್ಲಿ, ನಾವಿಕರ ಕೈಕಾಲು ಊದಿಕೊಂಡು ವಸಡು ಹಲ್ಲಿನ ಮೇಲೆ ಬೆಳೆದು ತಿನ್ನಲಾಗದಂತಾಯಿತು. ಇದು ಸ್ಕರ್ವಿ ಎಂಬ ರೋಗ. ತಿಂಗಳುಗಟ್ಟಲೆ ಹಸಿ ಹಣ್ಣು ತರಕಾರಿ ಇಲ್ಲದೆ ಸಿ ಜೀವಸತ್ವ ತಪ್ಪಿದರೆ ಬರುವಂಥದು. ನಮ್ಮ ತೋಟದ ಅಂಚಿನ ಕಂಚಿ, ಹೇರಳೆ, ನೆಲ್ಲಿಕಾಯಿ ಸಾಕಾಗಿತ್ತು. ಆದರೆ ರೋಗಕ್ಕೂ ಹುಳಿ ಹಣ್ಣಿಗೂ ಇರುವ ಸಂಬಂಧವನ್ನು ಪ್ರಯೋಗ ಮಾಡಿ ತೋರಿಸಲು ಯೂರೋಪಿನವರಿಗೆ 1747ರವರೆಗೆ ಕಾಲ ಹಿಡಿಯಿತು.

ಮೊಜಾಂಬಿಕ್, ಮೊಂಬಾಸಗಳಲ್ಲಿ ಜಗಳ ಮಾಡಿಕೊಂಡು ಏಪ್ರಿಲ್ ಮಧ್ಯದಲ್ಲಿ ಮಾಲಿಂದಿ ತಲಪಿದರು. ಅಲ್ಲಿಯ ಅರಸು ಸ್ನೇಹದಿಂದ ನಡೆದುಕೊಂಡು, ಅರಬ್ಬೀ ಸಮುದ್ರವನ್ನು ಬಲ್ಲ ಒಬ್ಬ ಮಾರ್ಗದರ್ಶಿಯನ್ನು ಕೊಟ್ಟನು. ಈತ ಅಹಮದ್ ಇಬ್ನ್ ಮಾಜಿದ್ ಎಂಬ ಪ್ರಸಿದ್ಧ ಅರಬ್ ನಾವಿಕನೆಂದು ಬಹಳ ಕಾಲ ಹೇಳುತ್ತಿದ್ದರು. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಗುಜರಾತಿನವನೆಂದು ಪೋರ್ಚುಗೀಸರ ಹಳೆಯ ವೃತ್ತಾಂತವೊಂದು ಹೇಳುತ್ತದೆ. ಹೆಸರು ಏನೇ ಇರಲಿ, ಆ ಮನುಷ್ಯನಿಗೆ ಗಾಳಿಯ ಲೆಕ್ಕ ಗೊತ್ತಿತ್ತು. ಏಪ್ರಿಲ್ 24ರಂದು ಹೊರಟವರಿಗೆ ಮೇ 18ರಂದು ಭಾರತದ ಬೆಟ್ಟಗಳು ಕಂಡವು. ಮೇ 20ರಂದು ಕಲ್ಲಿಕೋಟೆಗೆ ಉತ್ತರದಲ್ಲಿ, ಕಾಪ್ಪಾಡಿನ ಬಳಿ, ಲಂಗರು ಹಾಕಿದರು. ಇಡೀ ಸಮುದ್ರವನ್ನು ದಾಟಲು ಹಿಡಿದದ್ದು ನಾಲ್ಕು ವಾರಕ್ಕೂ ಕಡಿಮೆ.

ಈ ತಾರೀಖುಗಳು ಆ ಕಾಲದ ಹಳೆಯ ಕ್ಯಾಲೆಂಡರಿನವು. ಒಂಬತ್ತು ದಿನ ಕೂಡಿಸಿದರೆ ಈಗಿನ ಲೆಕ್ಕ ಸಿಗುತ್ತದೆ. ಹಾಗೆ ಮಾಡಿದರೆ ಗಾಮ ಬಂದದ್ದು ಮೇ 29ಕ್ಕೆ. ಮಲಬಾರಿನಲ್ಲಿ ಮುಂಗಾರು ಮುರಿದುಬೀಳುವುದು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ. ನೈಋತ್ಯ ಮಾರುತದ ಮೊದಲ ಬಲವನ್ನು ಹಾಯಿಗೆ ಹಿಡಿದು, ಅದರ ಅಬ್ಬರಕ್ಕೆ ಸಿಕ್ಕದೆ, ಬಾಗಿಲು ಮುಚ್ಚುವ ಮುಂಚೆ ಒಳಗೆ ನುಗ್ಗಿದಂತಾಯಿತು. ನಮಗೆ ಮಳೆ ತರುವ ಗಾಳಿಯೇ ಆತನನ್ನೂ ತಂದಿತು. ಅದನ್ನು ಎಣಿಸಿ ಹೇಳಿದವನು ಮಾಲಿಂದಿಯಲ್ಲಿ ಹತ್ತಿದ ಮಾರ್ಗದರ್ಶಿ. ಹಾಗಿರುವಾಗ ಮಾರ್ಗವನ್ನು "ಕಂಡುಹಿಡಿದ" ಕೀರ್ತಿಯಲ್ಲಿ ಅರ್ಧವನ್ನಾದರೂ ಅವನಿಗೆ ಕೊಡಬೇಡವೇ?

ಸಂತೆಯಲ್ಲಿ ಸೋತದ್ದು

ಕಲ್ಲಿಕೋಟೆ ಆಗ ದೊಡ್ಡ ಪೇಟೆ. ದಡಕ್ಕೆ ಕಳುಹಿಸಿದ ಮೊದಲ ಪೋರ್ಚುಗೀಸನಿಗೆ ಎದುರಾದವರು ಸ್ಪೇನಿನ ಭಾಷೆ ಬಲ್ಲ ಟ್ಯುನಿಸ್ ನಗರದ ಇಬ್ಬರು ವರ್ತಕರು! ಅಷ್ಟು ದೂರದವರು ಅಲ್ಲಿ ಅದಾಗಲೇ ನೆಲೆಸಿದ್ದರು. ಸಾಮೂದಿರಿ ಅರಸನು ಹೊಸಬರನ್ನು ಮರ್ಯಾದೆಯಿಂದಲೇ ಬರಮಾಡಿಕೊಂಡನು. ಕಲ್ಲಿಕೋಟೆಯ ಎದುರಿನ ಕಡಲತಳ ಕಲ್ಲಿನದು, ಮಳೆಗಾಲಕ್ಕೆ ಸರಿಯಲ್ಲ ಎಂದು ಹಡಗುಗಳನ್ನು ಪಂದಲಾಯಿನಿಗೆ ಕರೆದೊಯ್ಯಲು ತನ್ನ ಕಡೆಯಿಂದ ನಾವಿಕನೊಬ್ಬನನ್ನೂ ಕಳುಹಿಸಿದನು.

ಗಾಮನು ಅರಸನಿಗೆ ಕೊಡಲು ತೆಗೆದಿರಿಸಿದ ಕಾಣಿಕೆಯ ಪಟ್ಟಿ, ಹಡಗಿನಲ್ಲಿದ್ದವನೊಬ್ಬ ಬರೆದ ದಿನಚರಿಯಲ್ಲಿ ಉಳಿದಿದೆ. ಗೆರೆ ಬಟ್ಟೆ 12 ತುಂಡು, ಕೆಂಪು ಕುಲಾವಿ 4, ಟೋಪಿ 6, ಹವಳದ ಸರ 4, ಕೈ ತೊಳೆಯುವ ಬೋಗುಣಿ 6, ಸಕ್ಕರೆ ಒಂದು ಪೆಟ್ಟಿಗೆ, ಎಣ್ಣೆ ಎರಡು ಪೀಪಾಯಿ, ಜೇನು ಎರಡು ಪೀಪಾಯಿ. ಅದನ್ನು ನೋಡಲು ಬಂದ ಅರಸನ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಅತಿ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ, ಅರಸನಿಗಾದರೆ ಚಿನ್ನ ಕೊಡಬೇಕು ಎಂದರು. ಮಲೆಯಾಳದ ಅರಸನಿಗೆ ಜೇನು ತಂದುಕೊಟ್ಟರೆ ನಗದೆ ಏನು ಮಾಡಿಯಾರು?

ಮಾರಲು ತಂದ ಸರಕಿನ ಗತಿಯೂ ಅದೇ. ಪೋರ್ಚುಗಲ್ಲಿನಲ್ಲಿ 300 ರೈಸ್ ಬಾಳುತ್ತಿದ್ದ ಅಂಗಿಗೆ ಇಲ್ಲಿ ಸಿಕ್ಕಿದ್ದು 30 ರೈಸ್. ನಾವಿಕರು ಮೈಮೇಲಿನ ಅಂಗಿ, ಕೈಯ ಕಡಗಗಳನ್ನು ಮಾರಿ ಒಂದಿಷ್ಟು ಲವಂಗ, ದಾಲ್ಚಿನ್ನಿಗಳನ್ನು ಮಾದರಿಗೆಂದು ಕೊಂಡರು. ಹೊರಡುವಾಗ ಎಲ್ಲ ವರ್ತಕರಂತೆ ಸುಂಕ ಕಟ್ಟಬೇಕೆಂದು ಅರಸನು 600 ಷೆರಾಫಿನ್ ಕೇಳಿದನು. ಗಾಮನಿಗೆ ಇದು ಅವಮಾನವಾಗಿ ಕಂಡಿತು. ಜಗಳವಾಗಿ, ಕೆಲವರನ್ನು ಒತ್ತೆಯಾಗಿ ಹಿಡಿದುಕೊಂಡು ಆಗಸ್ಟ್ 29ರಂದು ಹೊರಟುಬಿಟ್ಟನು. ಸಾಮೂದಿರಿಯು ತಾಳೆಗರಿಯ ಮೇಲೆ ಪೋರ್ಚುಗಲ್ಲಿನ ದೊರೆಗೆ ಬರೆಸಿದ ಓಲೆ ಮಾತ್ರ ನೇರವಾದ ವ್ಯಾಪಾರಿಯ ಮಾತು. ನನ್ನ ನಾಡಿನಲ್ಲಿ ದಾಲ್ಚಿನ್ನಿ, ಲವಂಗ, ಶುಂಠಿ, ಮೆಣಸು, ರತ್ನಗಳಿವೆ. ನೀವು ಚಿನ್ನ, ಬೆಳ್ಳಿ, ಹವಳ, ಕೆಂಪು ಬಟ್ಟೆ ತನ್ನಿರಿ ಎಂಬುದು ಅದರ ಅಭಿಪ್ರಾಯ.

ಅಲ್ಲಿಂದ ಹಡಗುಗಳು ನಮ್ಮ ಕರಾವಳಿಯನ್ನು ಹಿಡಿದು ಉತ್ತರಕ್ಕೆ ಬಂದವು. ದಾರಿಯಲ್ಲಿ ಒಂದು ನಡುಗಡ್ಡೆಯ ಮೇಲೆ ಸಂತ ಮೇರಿಯ ಹೆಸರಿನ ಕಲ್ಲುಕಂಬ ನೆಟ್ಟರು. ಅದು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವೇ ಎಂಬುದು ರೂಢಿಯ ಮಾತು. ಸೆಪ್ಟೆಂಬರ್ ಉತ್ತರಾರ್ಧದಲ್ಲಿ ಕಾರವಾರಕ್ಕೆ ದಕ್ಷಿಣದಲ್ಲಿರುವ ಅಂಜದೀವ ದ್ವೀಪದಲ್ಲಿ ತಂಗಿ ಹಡಗುಗಳ ತಳ ಕೆರೆದು ಶುಚಿ ಮಾಡಿದರು. ಈಗ ಆ ದ್ವೀಪ ನೌಕಾನೆಲೆಯ ವ್ಯಾಪ್ತಿಯಲ್ಲಿದೆ. ಗೋವೆಯ ಒಡೆಯನ ಕಡೆಯಿಂದ ಬಂದ ಯೆಹೂದಿಯೊಬ್ಬನನ್ನು ಗೂಢಚಾರನೆಂದು ಹಿಡಿದು, ಹೊಡೆದು, ಜೊತೆಯಲ್ಲೇ ಕರೆದೊಯ್ದರು. ಆತ ಮುಂದೆ ಗಾಸ್ಪರ್ ಡ ಗಾಮ ಎಂಬ ಹೆಸರಿನಲ್ಲಿ ಪೋರ್ಚುಗೀಸರಿಗೆ ದುಭಾಷಿಯಾದನು.

ಅಕ್ಟೋಬರ್ 5ರಂದು ಅಂಜದೀವದಿಂದ ಹೊರಟದ್ದೇ ಎಡವಟ್ಟು. ನೈಋತ್ಯ ಮಾರುತ ಮುಗಿದಿತ್ತು, ಈಶಾನ್ಯ ಮಾರುತ ಇನ್ನೂ ನೆಲೆಗೊಂಡಿರಲಿಲ್ಲ. ಆ ಕಡೆಗೆ ಹೋಗುವ ಅನುಭವಸ್ಥರು ಹಿಂಗಾರಿನ ಗಾಳಿ ಹದಕ್ಕೆ ಬರುವವರೆಗೆ ಬಂದರಿನಲ್ಲೇ ಕಾಯುತ್ತಿದ್ದರು. ಈ ಸಲ ಗಾಮನ ಪಕ್ಕದಲ್ಲಿ ಮಾಲಿಂದಿಯ ಮಾರ್ಗದರ್ಶಿಯಂಥವನು ಇರಲಿಲ್ಲ, ಕಾಯುವ ತಾಳ್ಮೆಯೂ ಇರಲಿಲ್ಲ. ಒಮ್ಮೆ ಎದುರು ಗಾಳಿ, ಒಮ್ಮೆ ಗಾಳಿಯೇ ಇಲ್ಲ. ಬರುವಾಗ ನಾಲ್ಕು ವಾರದೊಳಗೆ ದಾಟಿದ ಅದೇ ಸಮುದ್ರಕ್ಕೆ ಹೋಗುವಾಗ ಮೂರು ತಿಂಗಳಿಗೆ ಮೂರು ದಿನ ಕಡಿಮೆ ಹಿಡಿಯಿತು. ಸ್ಕರ್ವಿಯಿಂದ ಮೂವತ್ತು ಜನ ಸತ್ತರು. ಅದಕ್ಕೆ ಮುಂಚೆಯೇ ಅಷ್ಟೇ ಜನ ಸತ್ತಿದ್ದರು. ಒಂದೊಂದು ಹಡಗಿನಲ್ಲಿ ಹಾಯಿ ಎಳೆಯುವ ತ್ರಾಣವಿದ್ದವರು ಏಳೆಂಟು ಮಂದಿ. 1499ರ ಜನವರಿ 7ರಂದು ಮಾಲಿಂದಿ ಸೇರಿದಾಗ ರೋಗಿಗಳು ಕಿತ್ತಳೆಗೆ ಹಂಬಲಿಸಿದರು. ತರಿಸಿಕೊಟ್ಟರೂ ಹಲವರು ಉಳಿಯಲಿಲ್ಲ. ಮೂರು ಹಡಗು ನಡೆಸುವಷ್ಟು ಜನರಿಲ್ಲದೆ ಸಾವೊ ರಫಾಯೆಲ್ ಹಡಗನ್ನು ತಾವೇ ಸುಟ್ಟರು.

ಜುಲೈ 10ರಂದು ಬೆರಿಯೊ ಲಿಸ್ಬನ್ ಮುಟ್ಟಿತು. ಗಾಮನು ಕ್ಷಯದಂಥ ಕಾಯಿಲೆಯಿಂದ ನರಳುತ್ತಿದ್ದ ಅಣ್ಣನನ್ನು ಉಳಿಸಿಕೊಳ್ಳಲು ಬೇರೆ ಹಡಗು ಬಾಡಿಗೆಗೆ ಹಿಡಿದು ಅಜೋರ್ಸ್ ದ್ವೀಪಕ್ಕೆ ಕರೆದೊಯ್ದನು. ಪಾವ್ಲೊ ಅಲ್ಲಿಯೇ ತೀರಿಕೊಂಡನು. ಮಣ್ಣು ಮಾಡಿ, ಎಲ್ಲರಿಗಿಂತ ಹಿಂದೆ ಗಾಮ ಊರು ಸೇರಿದನು. ಹೋದವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಜನ ಮಾತ್ರ ಹಿಂದಿರುಗಿದ್ದರು. ಆತನ ಬದುಕಿನಲ್ಲಿ ನಮ್ಮ ಮನಸ್ಸು ಅವನ ಕಡೆಗೆ ಒಲಿಯುವ ಘಟನೆ ಇದೊಂದೇ ಎಂದರೆ ತಪ್ಪಾಗದು.

ತೋಪು ಇಟ್ಟು ಕಟ್ಟಿದ ದರ

ಸಂತೆಯಲ್ಲಿ ಸೋತವನು 1502ರಲ್ಲಿ ಇಪ್ಪತ್ತು ಹಡಗುಗಳ ಪಡೆಯೊಂದಿಗೆ ಮತ್ತೆ ಬಂದನು. ನಡುವೆ 1500ರಲ್ಲಿ ಬಂದಿದ್ದ ಕಾಬ್ರಾಲ್ ಎಂಬವನ ಕಾಲದಲ್ಲಿ ಕಲ್ಲಿಕೋಟೆಯ ಪೋರ್ಚುಗೀಸ್ ಕೋಠಿಯವರು ದೊಂಬಿಯಲ್ಲಿ ಹತರಾಗಿದ್ದರು. ಅದರ ಸೇಡು ಈ ಬಾರಿಯ ನೆಪ. ಮೊದಲು ತಾಕಿದ್ದು ನಮ್ಮ ಕರಾವಳಿಗೇ. ವೃತ್ತಾಂತಕಾರ ಗಾಸ್ಪರ್ ಕೊರೆಯಾ ಬರೆದಿರುವಂತೆ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟು, ಭಟ್ಕಳದವರು ವರ್ಷಂಪ್ರತಿ ಅಕ್ಕಿ ಒಪ್ಪಿಸಬೇಕು, ಅಲ್ಲಿ ಮೆಣಸಿನ ವ್ಯಾಪಾರ ನಡೆಯಕೂಡದು ಎಂದು ಕರಾರು ಮಾಡಿಸಿದನು.

ಮಳೆಗಾಲ ಕಳೆದ ಮೇಲೆ ಕಣ್ಣೂರಿನ ಕಡೆ ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದ 'ಮೀರಿ' ಎಂಬ ಹಡಗು ಸಿಕ್ಕಿತು. ನೂರಾರು ಯಾತ್ರಿಕರು, ಹೆಂಗಸರು, ಮಕ್ಕಳು. ಬಿಡುಗಡೆಗೆ ಹಣ ಕೊಡುತ್ತೇವೆಂದರು, ಗಾಮ ಒಪ್ಪಲಿಲ್ಲ. ಒಡವೆಗಳನ್ನೂ ಕಂಕುಳ ಕೂಸುಗಳನ್ನೂ ಎತ್ತಿ ತೋರಿಸಿ ಹೆಂಗಸರು ಬೇಡಿಕೊಂಡದ್ದನ್ನು ಪೋರ್ಚುಗೀಸನೇ ಆದ ತೊಮೆ ಲೋಪೆಸ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಹಡಗಿಗೆ ಬೆಂಕಿ ಇಟ್ಟರು. ಆಮೇಲೆ ಕಲ್ಲಿಕೋಟೆಯ ಮೇಲೆ ತೋಪು ಹಾರಿಸಿ, ಸೆರೆಸಿಕ್ಕ ಬೆಸ್ತರನ್ನು ಕೊಂದು, ಕೈಕಾಲು ಕಡಿದು ದೋಣಿಯಲ್ಲಿ ದಡಕ್ಕೆ ಕಳುಹಿಸಿದನು. ಆ ಕಾಲವೇ ಹಾಗೆ ಎಂದು ಹೇಳಿ ಇದನ್ನು ಮುಚ್ಚಿಡುವವರಿದ್ದಾರೆ. ಆ ಕಾಲದವನೇ ಆದ ಲೋಪೆಸ್ ಬರೆಯುವಾಗ ನೊಂದುಕೊಂಡಿರುವುದನ್ನು ಅವರು ಓದಿಲ್ಲ.

ಇನ್ನು ನಮಗೆ ಸಂಬಂಧಿಸಿದ ವಿಷಯ. ಈ ಯಾತ್ರೆಯಲ್ಲಿ ಕೊಚ್ಚಿಯ ಅರಸನೊಂದಿಗೆ ಒಪ್ಪಂದವಾಗಿ ಮೆಣಸಿನ ದರ ಗೊತ್ತಾಯಿತು. ತೂಕ ಬಹಾರಿನ ಲೆಕ್ಕದಲ್ಲಿ. ನಮ್ಮ 'ಭಾರ' ಎಂಬ ಮಾತಿನ ಬಂಧು ಅದು. ಲಿಸ್ಬನ್ನಿನಲ್ಲಿ ತೂಗುತ್ತಿದ್ದದ್ದು ಕ್ವಿಂಟಲಿನಲ್ಲಿ. ಆದರೆ ಆಗಿನ ಪೋರ್ಚುಗೀಸ್ ಕ್ವಿಂಟಲ್ ಅರವತ್ತು ಕಿಲೋಗೂ ಕಡಿಮೆ, ಈಗಿನಂತೆ ನೂರು ಕಿಲೋ ಅಲ್ಲ. ಬೆಲೆಯ ಒಂದು ಭಾಗವನ್ನು ಹಣದ ಬದಲು ತಾಮ್ರದ ರೂಪದಲ್ಲಿ ಕೊಡುತ್ತಿದ್ದರು. ವಿಶೇಷವೆಂದರೆ, ಪೇಟೆಯಲ್ಲಿ ಏನೇ ಏರುಪೇರಾದರೂ ಆ ದರವನ್ನೇ ಪೋರ್ಚುಗೀಸರು ದಶಕಗಟ್ಟಲೆ ಹಿಡಿದು ಕೂತರು. ಬೇರೆಯವರ ಹಡಗು ಕಡಲಿಗಿಳಿಯಬೇಕಾದರೆ 'ಕಾರ್ತಾಜ್' ಎಂಬ ಪರವಾನಗಿ ಚೀಟಿ ಬೇಕು, ಅದರಲ್ಲಿ ಮೆಣಸು ಸಾಗಿಸಕೂಡದು. ಕೊಳ್ಳುವವನು ಒಬ್ಬನೇ, ದರವೂ ಒಂದೇ.

ಒಳನಾಡಿನ ಬೆಳೆಗಾರರು, ಅವರಲ್ಲಿ ಸಿರಿಯನ್ ಕ್ರೈಸ್ತರು ಬಹಳ, ಏನು ಮಾಡಿದರೆಂದು ಬೆಳೆಗಾರನಿಗೆ ಹೇಳಿಕೊಡಬೇಕಾಗಿಲ್ಲ. ಚೆನ್ನಾಗಿ ಒಣಗಿದ ಕಾಳು ಎತ್ತುಗಳ ಬೆನ್ನೇರಿ ಘಟ್ಟ ದಾಟಿ ಪೂರ್ವ ಕರಾವಳಿಗೆ ಹೋಯಿತು, ಇಲ್ಲವೇ ಕಾವಲು ತಪ್ಪಿಸಿ ಕೆಂಪು ಸಮುದ್ರದ ಕಡೆಗೆ ಹೋಯಿತು. ಕೊಚ್ಚಿಯ ಗೋದಾಮಿಗೆ ಬಂದದ್ದು ಹಸಿ ಕಾಳು, ಮರಳು, ಕಸ. ಇದರ ಮೇಲೆ ಪೋರ್ಚುಗೀಸ್ ಅಧಿಕಾರಿಗಳು ದೂರಿನ ಮೇಲೆ ದೂರು ಬರೆದರು. ಹಸಿ ಮೆಣಸು ಹಡಗಿನಲ್ಲಿ ಆರು ತಿಂಗಳು ಕುಳಿತು ಲಿಸ್ಬನ್ ಸೇರುವ ಹೊತ್ತಿಗೆ ತೂಕ ಇಳಿಯುತ್ತಿತ್ತು. 16ನೇ ಶತಮಾನದ ನಡುವಿನ ಹೊತ್ತಿಗೆ ವೆನಿಸ್ಸಿನ ಹಳೆಯ ದಾರಿಯಲ್ಲಿ ಮತ್ತೆ ಮೆಣಸು ಹರಿಯತೊಡಗಿತು. ಕಲಬೆರಕೆಯನ್ನು ನಾವು ಸಮರ್ಥಿಸುವುದಿಲ್ಲ; ನಮ್ಮ ಸಂಘದ ಗೋದಾಮಿನಲ್ಲೂ ಅದಕ್ಕೆ ಕ್ಷಮೆಯಿಲ್ಲ. ಆದರೆ ಕಾಳಿನಲ್ಲಿ ಮರಳು ಎಲ್ಲಿಂದ ಬಂತೆಂದು ಕೇಳುವವರು ದರದ ಕಡೆಗೂ ಒಮ್ಮೆ ನೋಡಬೇಕಾಗುತ್ತದೆ. ನಮ್ಮ ಕಡೆಯಲ್ಲಿ ಇದೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಮೆಣಸಿನ ವ್ಯಾಪಾರವನ್ನು ಕೈಯಲ್ಲಿ ಹಿಡಿದು ಪೋರ್ಚುಗೀಸರೊಂದಿಗೆ ಸೆಣಸಿದಳು. ಅವರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು. ಅವಳ ಕಥೆಗೆ ಬೇರೆ ಲೇಖನವೇ ಬೇಕು.

ಗಾಮನಿಗೂ ಮೆಣಸಿಗೂ ಸಂಬಂಧಿಸಿ ಮಲಬಾರಿನಲ್ಲಿ ಒಂದು ಕಥೆಯಿದೆ. ಪರಂಗಿಯವರು ಮೆಣಸಿನ ಬಳ್ಳಿಯ ತುಂಡುಗಳನ್ನು ಕೊಂಡೊಯ್ಯಲು ಕೇಳಿದಾಗ ಮಂತ್ರಿ ಗಾಬರಿಯಾದನಂತೆ. ಸಾಮೂದಿರಿ ನಕ್ಕು, ಬಳ್ಳಿಯನ್ನು ಒಯ್ದಾರು, ನಮ್ಮ ತಿರುವಾದಿರೆ ಮಳೆಯನ್ನು ಒಯ್ಯಲಾರರಲ್ಲ ಎಂದನಂತೆ. ತಿರುವಾದಿರೆ ಎಂದರೆ ನಮ್ಮ ಆರಿದ್ರಾ. ಇದು ದಂತಕಥೆ, ದಾಖಲೆಯಲ್ಲ. ಮೆಣಸು ತೆನೆ ಬಿಡುವುದೂ ಕಾಳು ಕಟ್ಟುವುದೂ ಮುಂಗಾರನ್ನು ನಂಬಿರುವುದು ನಿಜ. ಆದರೆ ಮಳೆ ನಮ್ಮೊಬ್ಬರ ಸ್ವತ್ತಲ್ಲ. ಗಾಮನ ಕಾಲಕ್ಕೇ ಸುಮಾತ್ರದಲ್ಲಿ ಮೆಣಸು ಬೆಳೆಯುತ್ತಿತ್ತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ, ಬ್ರೆಜಿಲ್ ಅದರ ಹಿಂದೆಯೇ ಇದೆ. ನಮ್ಮ ಪೇಟೆಯ ದರ ಏರುವಾಗ ಇಳಿಯುವಾಗ ಆ ದೇಶಗಳ ಹೆಸರು ಕೇಳದ ವರ್ಷವಿಲ್ಲ.

ಕೊನೆಯ ಯಾತ್ರೆ

1503ರಲ್ಲಿ ಊರಿಗೆ ಮರಳಿದ ಗಾಮ ಇಪ್ಪತ್ತು ವರ್ಷ ಕಡಲಿಗಿಳಿಯಲಿಲ್ಲ. ಹುಟ್ಟೂರು ಸಿನೆಸ್ಸಿನ ಒಡೆತನ ಬೇಕೆಂದು ಹಟ ಹಿಡಿದು, ಅದು ಸಿಗದೆ, 1507ರಲ್ಲಿ ಊರನ್ನೇ ಬಿಡಬೇಕಾಯಿತು. 1519ರಲ್ಲಿ ವಿದಿಗೆಯ್ರದ ಕೌಂಟ್ ಎಂಬ ಪದವಿ ದೊರೆಯಿತು. ಭಾರತದಲ್ಲಿ ಪೋರ್ಚುಗೀಸ್ ಅಧಿಕಾರಿಗಳು ದೊರೆಯ ಮೆಣಸನ್ನು ಬಿಟ್ಟು ಸ್ವಂತ ವ್ಯಾಪಾರದಲ್ಲಿ ಮುಳುಗಿದ್ದರು. ಅದನ್ನು ಸರಿಪಡಿಸಲು 1524ರಲ್ಲಿ ವಯಸ್ಸಾದ ಗಾಮನನ್ನು ವೈಸರಾಯ್ ಮಾಡಿ ಕಳುಹಿಸಿದರು. ಭಾರತದ ದಂಡೆ ಹತ್ತಿರವಾದಾಗ ಕಡಲಡಿಯಲ್ಲಿ ಭೂಕಂಪವಾಗಿ ಹಡಗುಗಳು ತತ್ತರಿಸಿದವು. ನಮ್ಮನ್ನು ಕಂಡು ಸಮುದ್ರವೇ ನಡುಗುತ್ತಿದೆ ಎಂದು ಆತ ಜನರಿಗೆ ಧೈರ್ಯ ಹೇಳಿದನೆಂದು ಬರೆದಿದ್ದಾರೆ. ಗೋವೆಯಲ್ಲಿಯೂ ಕೊಚ್ಚಿಯಲ್ಲಿಯೂ ಅಧಿಕಾರಿಗಳ ಮೇಲೆ ಕಟ್ಟುನಿಟ್ಟು ಮಾಡಲು ತೊಡಗಿದ್ದಷ್ಟೆ. ಬಂದು ನಾಲ್ಕು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 24ರಂದು, ಕೊಚ್ಚಿಯಲ್ಲಿ ತೀರಿಕೊಂಡನು.

ಕೊಚ್ಚಿಯ ಸಂತ ಫ್ರಾನ್ಸಿಸ್ ಇಗರ್ಜಿಯಲ್ಲಿ ಆತನನ್ನು ಹೂಳಿದರು. ಆ ಜಾಗವನ್ನು ಇಂದಿಗೂ ತೋರಿಸುತ್ತಾರೆ. ಕೊಚ್ಚಿಗೆ ಹೋದವರು ನೋಡಿ ಬರಬಹುದು. ಕೆಲವು ವರ್ಷಗಳ ಮೇಲೆ ಎಲುಬುಗಳನ್ನು ಪೋರ್ಚುಗಲ್ಲಿಗೆ ಸಾಗಿಸಿದರು. 19ನೇ ಶತಮಾನದ ಕೊನೆಯಲ್ಲಿ ಅವು ಲಿಸ್ಬನ್ನಿನ ಜೆರೋನಿಮೋಸ್ ಮಠವನ್ನು ಸೇರಿದವು. ಮೊದಲ ಯಾತ್ರೆಗೆ ಹಡಗುಗಳು ಹೊರಟ ದಂಡೆಯಲ್ಲೇ ಆ ಮಠವಿದೆ. ಕಂಬಗಳ ಮೇಲೆ ಹಡಗಿನ ಹಗ್ಗ, ಬಳ್ಳಿಗಳನ್ನು ಕೆತ್ತಿದ ಭಾರಿ ಕಟ್ಟಡ. 1501ರ ಸುಮಾರಿಗೆ ದೊರೆ ಮನುಎಲ್ ಅದನ್ನು ಕಟ್ಟಲು ಆರಂಭಿಸಿದಾಗ ಅದರ ಖರ್ಚಿಗೆಂದು ಹೊರದೇಶದ ಸರಕಿನ ಮೇಲೆ ಇಪ್ಪತ್ತರಲ್ಲಿ ಒಂದು ಪಾಲಿನ ತೆರಿಗೆ ತೆಗೆದಿರಿಸಿದನು. ಪೋರ್ಚುಗೀಸರು ಆ ತೆರಿಗೆಯನ್ನು ಕರೆಯುತ್ತಿದ್ದದ್ದು ಮೆಣಸಿನ ಇಪ್ಪತ್ತನೆಯ ಪಾಲು ಎಂದು.